ಮೊದಲ ಸಾವಿರ ಕಿಲೋಮೀಟರ್

ಹೊಸ ಟ್ರ್ಯಾಕ್ಟರ್ ತಂದ ಮನೆಯವರಿಗೆ ಮೊದಲ 50 ಗಂಟೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಗಂಟೆ ಆಗುವವರೆಗೆ ಅದಕ್ಕೆ ಪೂರ್ತಿ ಭಾರ ಕೊಡುವುದಿಲ್ಲ. ಆದ ಕೂಡಲೇ ಸರ್ವಿಸ್ ಮಾಡಿಸುತ್ತೇವೆ. ಹೋರಿ ಕರು ಪಳಗಿಸುವಾಗಲೂ ಅಷ್ಟೇ. ಮೊದಲ ದಿನವೇ ನೊಗ ಕಟ್ಟಿ, ಕಲ್ಲು ಹೇರಿದ ಗಾಡಿ ಎಳೆಸಿದರೆ ಊರೇ ಬೈಯುತ್ತದೆ. ಆದರೆ ಅದೇ ಮನೆಗೆ ಜೋರಾಗಿ ಓಡುವ ಹೊಸ ಕಾರು ಬಂತು ಅನ್ನಿ, ಈ ಬುದ್ಧಿಯೆಲ್ಲ ಎಲ್ಲಿ ಹೋಗುತ್ತದೋ! ಶೋರೂಮಿನಿಂದ ಬಂದ ಸಂಜೆಯೇ 'ಎಷ್ಟು ಎಳೆಯುತ್ತೆ ನೋಡೋಣ' ಅಂತ ಹೈವೇಗೆ ಹೊರಡುತ್ತಾರೆ. ವಾರ ಕಳೆಯುವ ಮೊದಲೇ ಸೈಲೆನ್ಸರ್ ಬದಲಿಸುವ ಮಾತು ಶುರುವಾಗುತ್ತದೆ.

ನಮ್ಮ ಮನೆಗೂ ಅಂಥದ್ದೊಂದು ಕಾರು ಬಂದಿದೆ. ಹುಂಡೈ ಐ20 ಎನ್ ಲೈನ್. ನಾವು ಅಂದರೆ ಮೂವರು ಅಣ್ಣತಮ್ಮಂದಿರು. ಊರು ತಿಪಟೂರು ಸೀಮೆಯಲ್ಲಿ. ತೆಂಗಿನ ತೋಟವೇ ಜೀವನ. ಕಾರಿಗೆ ಕಟ್ಟಿದ ಮುಂಗಡ ಕೊಬ್ಬರಿ ಮಾರಿದ ದುಡ್ಡು. ಉಳಿದದ್ದು ಬ್ಯಾಂಕಿನ ಸಾಲ, ಐದು ವರ್ಷದ ಕಂತು. ಅಪ್ಪನನ್ನು ತಿಂಗಳಿಗೊಮ್ಮೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದರಲ್ಲೇ. ಅಂದರೆ ಈ ಕಾರು ಕೆಟ್ಟು ನಿಂತರೆ ಮನೆಯ ಕೆಲಸವೂ ನಿಲ್ಲುತ್ತದೆ.

ನಿಮ್ಮಲ್ಲಿ ಅನೇಕರಿಗೆ ಐ20 ಗೊತ್ತಿರುತ್ತದೆ. ಅದರಲ್ಲೇ ಸ್ವಲ್ಪ ಖಾರ ಜಾಸ್ತಿ ಹಾಕಿದ್ದು ಎನ್ ಲೈನ್. ನಮ್ಮ ದೇಶಕ್ಕೆ ಬಂದದ್ದು 2021ರಲ್ಲಿ. ಇಂಜಿನ್ ಚಿಕ್ಕದು, 998 ಸಿಸಿ, ಮೂರೇ ಸಿಲಿಂಡರ್. ಆದರೆ ಟರ್ಬೋ ಇರುವುದರಿಂದ 120 ಪಿಎಸ್ ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಗಟ್ಟಿ. ಒಂದು ಕಾಲದಲ್ಲಿ ಊರಿಗೆಲ್ಲ ಕಾರು ಅಂದರೆ ಮಾರುತಿ 800 ಆಗಿತ್ತಲ್ಲ, ಕಾರ್ಬುರೇಟರ್ ಇದ್ದ ಆ ಹಳೆ ಗಾಡಿಯ ಶಕ್ತಿ 40ರೊಳಗೆ ಇತ್ತು. ಹೆಚ್ಚುಕಡಿಮೆ ಮೂರು ಮಾರುತಿಯ ಶಕ್ತಿ ಈಗ ಒಂದೇ ಬಾನೆಟ್ ಕೆಳಗೆ ಇದೆ. ಅದೇ ಕಾರಣಕ್ಕೆ ಇದನ್ನು ಪಳಗಿಸುವುದೂ ಒಂದು ಕೆಲಸ.

ಕಾರಿನ ಜೊತೆ ಒಂದು ದಪ್ಪ ಪುಸ್ತಕ ಬರುತ್ತದೆ. ಸಾಮಾನ್ಯವಾಗಿ ಅದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಮಲಗಿರುತ್ತದೆ. ನಾವು ಹೊರಗೆ ತೆಗೆದು ಓದಿದೆವು. ಮೊದಲ 1,000 ಕಿಲೋಮೀಟರಿಗೆ ಅದು ಹೇಳುವುದು ನಾಲ್ಕೇ ಮಾತು. ಇಂಜಿನ್ ಸುಮ್ಮಸುಮ್ಮನೆ ರೇಸ್ ಮಾಡಬೇಡಿ. ಓಡಿಸುವಾಗ ಆರ್‌ಪಿಎಂ 2,000ದಿಂದ 4,000ದ ನಡುವೆ ಇರಲಿ. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬೇಡಿ. ತುರ್ತು ಇಲ್ಲದಿದ್ದರೆ ಬ್ರೇಕ್ ಜೋರಾಗಿ ಒತ್ತಬೇಡಿ.

ಯಾಕೆ ಅಂತ ತಿಳಿದರೆ ಪಾಲಿಸುವುದು ಸುಲಭ. ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣ್ಣಗಿರುವುದಿಲ್ಲ. ಆಯಿಲ್ ಹಿಡಿದುಕೊಳ್ಳಲಿ ಅಂತ ಅದರ ಮೇಲೆ ಅಡ್ಡಡ್ಡ ಸಣ್ಣ ಗೀರು ಎಳೆದಿರುತ್ತಾರೆ. ಪಿಸ್ಟನ್ ಸುತ್ತ ಇರುವ ರಿಂಗುಗಳು ಈ ಗೋಡೆಗೆ ಉಜ್ಜಿ ಉಜ್ಜಿ ಸರಿಯಾಗಿ ಕೂರಬೇಕು. ಹೊಸ ಬೀಸುವ ಕಲ್ಲಿನ ಎರಡು ಹೋಳು ಒಂದಕ್ಕೊಂದು ಹೊಂದುವ ಹಾಗೆ. ಮೊದಲ ದಿನಗಳಲ್ಲೇ ಅತಿಯಾಗಿ ದುಡಿಸಿದರೆ ಬಿಸಿ ಹೆಚ್ಚಿ ಮೈ ಕೆರೆದುಹೋಗಬಹುದು. ಹಾಗಂತ ಎಮ್ಮೆ ಹೊಡೆದ ಹಾಗೆ ನಿಧಾನಕ್ಕೆ ಒಂದೇ ಸಮ ಓಡಿಸಿದರೂ ಸರಿಯಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡವೇ. ಅದು ಸಾಲದಿದ್ದರೆ ರಿಂಗ್ ಸರಿಯಾಗಿ ಕೂರುವುದಿಲ್ಲ, ಆಮೇಲೆ ಕಾರು ಆಯಿಲ್ ಕುಡಿಯಲು ಶುರುಮಾಡುತ್ತದೆ. ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ ಅನ್ನುವುದು ಇದಕ್ಕೇ.

ನಮ್ಮೂರಿನಿಂದ ತಿಪಟೂರು, ಅಲ್ಲಿಂದ ಅರಸೀಕೆರೆ, ಮತ್ತೆ ವಾಪಸ್. ಈ ದಾರಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಂಪು, ತಿರುವು, ಸಂತೆ, ದನ, ಮಧ್ಯೆ ಒಂದಿಷ್ಟು ಖಾಲಿ ರಸ್ತೆ. ಆರ್‌ಪಿಎಂ ಮುಳ್ಳು ತಾನಾಗಿಯೇ ಏರಿ ಇಳಿಯುತ್ತಿತ್ತು. ನಮ್ಮಲ್ಲಿ ಕಿರಿಯವನು ಮಾತ್ರ ದಿನಕ್ಕೆರಡು ಸಲ ಕೇಳುತ್ತಿದ್ದ, "ಅಣ್ಣ, ಇನ್ನೂ ಎಷ್ಟಾಗ್ಬೇಕು?" ಅಂತ. ಅಪ್ಪ ಜಗಲಿ ಮೇಲಿಂದಲೇ ಉತ್ತರ ಕೊಡುತ್ತಿದ್ದರು, "ಬಾಣಂತಿಗೆ ಮೂರು ತಿಂಗಳು ಬಿಡಲ್ವೇನ್ಲಾ? ಇದಕ್ಕೂ ಬಿಡು."

ಇಂಜಿನ್ ಒಂದೇ ಅಲ್ಲ, ಹೊಸ ಟೈರಿಗೂ ಸಮಯ ಬೇಕು. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಾರು ಪದಾರ್ಥ ಮೇಲ್ಮೈಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅದು ಸವೆದು ಹೋಗುವವರೆಗೆ, ಮಳೆ ಬಿದ್ದ ರಸ್ತೆಯಲ್ಲಂತೂ, ಹಿಡಿತ ಕಡಿಮೆ. ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಹೊಂದಿಕೊಂಡು ಕೂರಬೇಕು. ಹೊಸ ಕಾರು ಹಳೆ ಕಾರಿಗಿಂತ ಚೆನ್ನಾಗಿ ನಿಲ್ಲುತ್ತದೆ ಅನ್ನುವ ನಂಬಿಕೆ ಮೊದಲ ಕೆಲವು ದಿನ ಇಟ್ಟುಕೊಳ್ಳಬೇಡಿ.

ಟರ್ಬೋ ಇರುವ ಗಾಡಿಗೆ ಇನ್ನೂ ಎರಡು ಅಭ್ಯಾಸ ಬೇಕು. ಟರ್ಬೋ ಅಂದರೆ ಹೊಗೆಯ ರಭಸದಿಂದ ತಿರುಗುವ ಪುಟ್ಟ ಫ್ಯಾನ್. ಅದು ಇಂಜಿನ್ನಿಗೆ ಗಾಳಿ ತುರುಕುತ್ತದೆ. ಜೋರಾಗಿ ಓಡುವಾಗ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ಇಂಜಿನ್ ಆಯಿಲ್ಲೇ. ಬೆಳಗ್ಗೆ ಆಯಿಲ್ ತಣ್ಣಗೆ ಮಂದವಾಗಿರುತ್ತದೆ. ಹಾಗಾಗಿ ಸ್ಟಾರ್ಟ್ ಮಾಡಿ ಮೊದಲ ಕೆಲವು ಕಿಲೋಮೀಟರ್ ಮೆತ್ತಗೆ ಹೋಗುತ್ತೇವೆ. ಜೋರಾಗಿ ಓಡಿಸಿ ಬಂದಾಗ ಗಕ್ಕನೆ ಕೀ ತಿರುಗಿಸಿ ಆಫ್ ಮಾಡುವುದಿಲ್ಲ, ಒಂದು ನಿಮಿಷ ಹಾಗೇ ಓಡಲು ಬಿಡುತ್ತೇವೆ. ಇಲ್ಲದಿದ್ದರೆ ಬಿಸಿ ಟರ್ಬೋ ಒಳಗೆ ನಿಂತ ಆಯಿಲ್ ಬೆಂದು, ತಳ ಹಿಡಿದ ಪಾತ್ರೆಯ ಹಾಗೆ ಕರಕಲು ಕಟ್ಟಬಹುದು.

ಇನ್ನೊಂದು ಮಾತು. ಮೈಲೇಜ್ ಆಸೆಗೆ ಐದನೇ, ಆರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದು, ಲಾರಿ ಹಿಂದಿಕ್ಕಲು ಅದೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬಾರದು. ಚಿಕ್ಕ ಟರ್ಬೋ ಇಂಜಿನ್ನಿನಲ್ಲಿ ಹೀಗೆ ಮಾಡಿದರೆ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಏಟು ಬೀಳುವ ಅಪಾಯ ಇದೆ. ಎರಡು ಗೇರ್ ಇಳಿಸಿ ಆಮೇಲೆ ಒತ್ತಿ.

ಇನ್ನು ದಿನನಿತ್ಯದ ಆರೈಕೆ. ವಾರಕ್ಕೊಮ್ಮೆ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡುತ್ತೇವೆ. ಹೊಸ ಇಂಜಿನ್ ಮೊದಲ ದಿನಗಳಲ್ಲಿ ಸ್ವಲ್ಪ ಹೆಚ್ಚು ಆಯಿಲ್ ತಿನ್ನಬಹುದು, ಗಾಬರಿ ಬೇಡ, ಆದರೆ ನೋಡದೇ ಬಿಡಬೇಡಿ. ಟೈರ್ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಪಂಕ್ಚರ್ ಅಂಗಡಿಯವನು ಹೇಳಿದ್ದಲ್ಲ, ಆ ಚೀಟಿಯಲ್ಲಿದ್ದದ್ದೇ ಲೆಕ್ಕ. ಗಾಳಿ ಅಳೆಯುವಾಗ ಟೈರ್ ತಣ್ಣಗಿರಬೇಕು. ನಮ್ಮ ರಸ್ತೆಗಳ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಧೂಳಿನ ಊರಿಗೆ ಪುಸ್ತಕದಲ್ಲೇ ಬೇರೆ ಪಟ್ಟಿ ಇರುತ್ತದೆ, ಅದರ ಪ್ರಕಾರ ಬೇಗ ಬದಲಿಸಬೇಕು. ಎರಡು ತಾಪತ್ರಯ ಮಾತ್ರ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಒಂದು, ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು. ಕಾಯಿ ಬಿದ್ದರೆ ಬಾನೆಟ್ ಉಳಿಯುವುದಿಲ್ಲ. ಇನ್ನೊಂದು, ಕೊಬ್ಬರಿ ಅಟ್ಟ ಇರುವ ಮನೆ ಪಕ್ಕ ನಿಲ್ಲಿಸಿದರೆ ಇಲಿ ಬರುತ್ತದೆ. ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತದೆ. ನಾವು ವಾರಕ್ಕೆರಡು ಸಲ ಬಾನೆಟ್ ಎತ್ತಿ ಇಣುಕುತ್ತೇವೆ.

ಸಾವಿರ ಆಯಿತು. ಎರಡು ಸಾವಿರವೂ ಆಯಿತು. ಮೊದಲ ಸರ್ವಿಸ್ ಮುಗಿಸಿ ಬಂದ ವಾರ ಕಿರಿಯವನು ಒಂದು ಲೆಕ್ಕ ತಂದು ಮುಂದಿಟ್ಟ. ಬೆಂಗಳೂರಿನಲ್ಲಿ ಅವನ ಗೆಳೆಯನಿಗೆ ಗೊತ್ತಿರುವವರು ರೀಮ್ಯಾಪ್ ಮಾಡುತ್ತಾರಂತೆ. ಇಂಜಿನ್ನಿನ ಕಂಪ್ಯೂಟರಿನಲ್ಲಿ ಟರ್ಬೋ ಒತ್ತಡ, ಪೆಟ್ರೋಲ್ ಪ್ರಮಾಣ, ಸ್ಪಾರ್ಕ್ ಸಮಯ ಎಲ್ಲ ಬದಲಿಸಿ ಶಕ್ತಿ ಏರಿಸುವುದು. "ಒಂದು ಸಾಮಾನೂ ಬದ್ಲಾಯ್ಸಲ್ಲ ಅಣ್ಣ, ಬರೀ ಸಾಫ್ಟ್‌ವೇರ್. ಮಧ್ಯಾಹ್ನದೊಳಗೆ ಕೆಲ್ಸ ಮುಗಿಯುತ್ತೆ. ಜೊತೆಗೆ ಸೈಲೆನ್ಸರ್ ಒಂದು ಹಾಕ್ಸಿಬಿಡೋಣ" ಅಂದ.

ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಆಸೆ ಅವನೊಬ್ಬನಿಗೇ ಇತ್ತು ಅಂದರೆ ಸುಳ್ಳಾಗುತ್ತದೆ, ಮೂವರಿಗೂ ಇತ್ತು. ಹಾಗಾಗಿ ಬೈದು ಬಾಯಿ ಮುಚ್ಚಿಸುವ ಬದಲು ಕಾಗದದ ಮೇಲೆ ಬರೆದು ನೋಡಿದೆವು.

ಮೊದಲನೆಯದು ವಾರಂಟಿ. ಕಂಪ್ಯೂಟರ್ ಬದಲಿಸಿದ್ದು ಗೊತ್ತಾದರೆ ಇಂಜಿನ್, ಟರ್ಬೋ, ಗೇರ್‌ಬಾಕ್ಸ್ ರಿಪೇರಿಯ ಖರ್ಚು ನಮ್ಮ ತಲೆಗೇ ಬರಬಹುದು. ಮತ್ತೆ ಹಳೆಯದಕ್ಕೆ ತಿರುಗಿಸಿದರೂ ಗುರುತು ಉಳಿಯುವ ಸಾಧ್ಯತೆ ಇರುತ್ತದೆ. ಟಾರ್ಕ್ ಏರಿದರೆ ಮೊದಲು ಪೆಟ್ಟು ತಿನ್ನುವುದು ಕ್ಲಚ್.

ಎರಡನೆಯದು ವಿಮೆ. ಮಾರ್ಪಾಡು ಮಾಡಿಸಿ ವಿಮೆಯವರಿಗೆ ತಿಳಿಸದೇ ಇದ್ದರೆ, ಅಪಘಾತ ಆದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಒಂದು ಕಾರಣ. ಸಾಲದ ಕಂತು ಮಾತ್ರ ಹಾಗೇ ಓಡುತ್ತಿರುತ್ತದೆ.

ಮೂರನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ಶಬ್ದ ಮಾಲಿನ್ಯಕ್ಕೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಸೈಲೆನ್ಸರ್ ಮಾತು ಅಲ್ಲಿಗೇ ನಿಂತಿತು. ಕಾನೂನಿಗಿಂತ ಮೊದಲು ಅಮ್ಮ ನಿಲ್ಲಿಸಿದರು ಅಂದರೂ ನಡೆಯುತ್ತದೆ. "ಪಕ್ಕದ ಮನೇಲಿ ಹಸುಗೂಸು ಮಲಗಿರುತ್ತೆ, ನಿಮ್ಮ ಗುಡುಗುಡು ಯಾರಿಗೆ ಬೇಕು?" ಅಂದರು.

ನಾಲ್ಕನೆಯದನ್ನು ಕಾಗದದಲ್ಲಿ ಬರೆದಿರಲಿಲ್ಲ. ಆ ವಾರವೇ ಒಂದು ಮುಸ್ಸಂಜೆ ಹಾಸನದಿಂದ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಪ್ಪ. ಕೆರೆ ಏರಿಯ ತಿರುವಿನಲ್ಲಿ ಎರಡು ಎಮ್ಮೆ ನೀರಿನಿಂದ ಎದ್ದು ಸೀದಾ ರಸ್ತೆಗೆ ಬಂದವು. ಅವುಗಳ ಹಿಂದೆ ಒಂದು ಹುಡುಗಿ, ಕೈಯಲ್ಲಿ ಕೋಲು. ವೇಗ 60ರ ಆಸುಪಾಸು ಇತ್ತು. ಬ್ರೇಕ್ ಒತ್ತಿದಾಗ ಕಾರು ಅಲ್ಲಾಡದೆ ನೆಟ್ಟಗೆ ನಿಂತಿತು, ಎಮ್ಮೆಗೆ ಎರಡು ಮಾರು ಇರುವಾಗ. ಹುಡುಗಿ ನಮ್ಮನ್ನು ನೋಡಿ ನಕ್ಕು ಎಮ್ಮೆ ದಾಟಿಸಿಕೊಂಡು ಹೋದಳು. ಅವಳಿಗೆ ಅದು ದಿನದ ಕೆಲಸ. ಕಾರಿನೊಳಗೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಿರಿಯವನೇ ಸ್ಟೇರಿಂಗ್ ಹಿಡಿದಿದ್ದ. ಮನೆ ತಲುಪಿದ ಮೇಲೆ ಅವನೇ ಹೇಳಿದ, "ಈ ರಸ್ತೇಲಿ ಇರೋ ಶಕ್ತೀನೇ ಪೂರ್ತಿ ಬಳಸೋಕಾಗಲ್ಲ ಅಣ್ಣ."

ಅಲ್ಲಿಗೆ ತೀರ್ಮಾನ ಆಯಿತು. ವಾರಂಟಿ ಮುಗಿಯುವವರೆಗೆ ಇಂಜಿನ್ನಿಗೆ ಕೈ ಹಾಕುವುದಿಲ್ಲ. ಆಮೇಲೂ ಬೇಕೆನಿಸಿದರೆ ವಿಮೆಯವರನ್ನೂ ಆರ್‌ಟಿಒ ಕಚೇರಿಯನ್ನೂ ಕೇಳಿಯೇ ಮುಂದಿನ ಮಾತು. ರೀಮ್ಯಾಪ್‌ಗೆ ಅಂತ ಎತ್ತಿಟ್ಟ ದುಡ್ಡು ಹಾಗೇ ಇದೆ. ಟೈರ್ ಸವೆದಾಗ ಅದೇ ಅಳತೆಯ, ಅಂದರೆ 195/55 ಆರ್16ರ, ಒಳ್ಳೆ ಹಿಡಿತದ ಟೈರ್ ಹಾಕಿಸಲು ಬಳಸುತ್ತೇವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಇದೂ ಗಾಡಿಯನ್ನು ಉತ್ತಮಗೊಳಿಸುವ ಕೆಲಸವೇ. ಶಬ್ದ ಬರುವುದಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಹೊಸ ಕಾರಿನ ಕೀ ಹಿಡಿದು ಕುಣಿಯುವ ತಮ್ಮನೋ ಮಗನೋ ಇದ್ದರೆ ಬೈಯಬೇಡಿ. ಪುಸ್ತಕ ಕೈಗೆ ಕೊಟ್ಟು ಮೊದಲ ಸಾವಿರ ಕಿಲೋಮೀಟರಿನ ಜವಾಬ್ದಾರಿ ಅವನಿಗೇ ವಹಿಸಿ. ಆಯಿಲ್ ಕಡ್ಡಿ ನೋಡುವುದು, ಗಾಳಿ ಅಳೆಯುವುದು, ಸರ್ವಿಸ್ ತಾರೀಕು ಬರೆದಿಡುವುದು ಎಲ್ಲ ಅವನೇ ಮಾಡಲಿ. ನಮ್ಮ ಮನೆಯಲ್ಲಿ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕಾರಿನ ಕಿಲೋಮೀಟರ್ ಬರೆಯುವವನು ನಮ್ಮ ಕಿರಿಯನೇ.