ಕೌಜುಗದ ಪಂಜರ

ಕಳೆದ ಈದ್ ದಿನ ಅಮೆರಿಕದ ಟೆಕ್ಸಾಸಿನಲ್ಲಿರುವ ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ. ಈದ್ ಮುಬಾರಕ್ ಹೇಳಿ, ಶೀರ್‌ಕುರ್ಮಾದ ವಿಚಾರ ಮುಗಿಸಿ, "ಮಾಮು, ಮುಂದಿನ ವಾರ ಬೇಟೆಗೆ ನೆಬ್ರಾಸ್ಕಾಕ್ಕೆ ಹೊರಟಿದ್ದೇನೆ. ಬರುವ ವರ್ಷ ಫ್ಲೋರಿಡಾ" ಎಂದ. ಎಂತಹ ಬೇಟೆ ಎಂದು ಕೇಳಿದೆವು. ಕಾಡು ಟರ್ಕಿ ಕೋಳಿಯದಂತೆ.

ಅಲ್ಲಿ ಅದೊಂದು ದೊಡ್ಡ ಹುಚ್ಚು. ಈಸ್ಟರ್ನ್, ಓಸಿಯೋಲಾ, ರಿಯೋ ಗ್ರಾಂಡೆ, ಮೆರಿಯಮ್ಸ್ ಎಂಬ ನಾಲ್ಕು ಬಗೆಯ ಟರ್ಕಿಗಳನ್ನೂ ಹೊಡೆದವನಿಗೆ ಬೇಟೆಗಾರರ ನಡುವೆ ಭಾರಿ ಮರ್ಯಾದೆ. ಓಸಿಯೋಲಾ ಇರುವುದು ಫ್ಲೋರಿಡಾದಲ್ಲಿ ಮಾತ್ರ. ಹಾಗಾಗಿ ರಾಜ್ಯ ದಾಟಲೇಬೇಕು, ಹೊರಗಿನವನೆಂದು ಪರವಾನಿಗೆಗೆ ಹೆಚ್ಚು ಹಣವನ್ನೂ ಕಟ್ಟಬೇಕು. ವಸಂತದಲ್ಲಿ ನಸುಕಿಗೇ ಮರದ ಬುಡದಲ್ಲಿ ಕೂತು, ಮರದ ಪುಟ್ಟ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೆಣ್ಣಿನ ಕೂಗು ಹೊರಡಿಸುತ್ತಾರೆ. ಗಂಡು ಬಾಲ ಬಿಚ್ಚಿಕೊಂಡು ಬರುತ್ತದೆ.

"ನಮ್ಮ ನಾನಾ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ ಮಾಮು? ನಿಮ್ಮ ಕಥೆಯಲ್ಲಿ ಓದಿದ್ದೇನೆ" ಎಂದ ಹುಡುಗ. ನಮಗೆ ಶೀರ್‌ಕುರ್ಮಾ ಗಂಟಲಲ್ಲೇ ನಿಂತಂತಾಯಿತು.

ನಮ್ಮ ಅಬ್ಬಾ ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದರು. ಹೋಳಿ ಮುಗಿದು ಬಿಸಿಲು ಏರತೊಡಗಿದರೆ ಅವರ ಕಾಲು ಮಗ್ಗದ ಕುಣಿಯಲ್ಲಿ ನಿಲ್ಲುತ್ತಿರಲಿಲ್ಲ. ಅವರಿಗೊಬ್ಬ ಗೆಳೆಯರು, ಹಲಗಲಿಯ ಬೇಡರ ಪೈಕಿ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಕಾಕಾನ ಬಳಿ ಸಣ್ಣ ಸೊಂಟದ, ಉದ್ದ ಮೂತಿಯ ಮುಧೋಳ ನಾಯಿ. ಅಬ್ಬಾನ ಬಳಿ ಪಂಜರದಲ್ಲೊಂದು ಸಾಕಿದ ಕೌಜುಗ. ಮುಧೋಳ, ಜಮಖಂಡಿಯ ಹೊಲಗಳಿಗೆ ನೀರು ಬಂದು ಕಬ್ಬು ಎದ್ದ ಮೇಲೆ ಇಲ್ಲಿ ಬಯಲು ಕಡಿಮೆಯಾಗಿತ್ತು. ಆದ್ದರಿಂದ ಇವರ ಪ್ರಯಾಣ ಸಾವಳಗಿ ದಾಟಿ ಮಹಾರಾಷ್ಟ್ರದ ಜತ್ತ ಸೀಮೆಗೆ. ಅಲ್ಲಿ ಬರಿ ಕುರುಚಲು, ಕಲ್ಲು, ಕನ್ನಡ ಮಾತಾಡುವ ಕುರಿಗಾರರು. ಗುರುತು ಹಿಡಿಯುವವರು ಇಲ್ಲ ಎಂಬುದೂ ಒಂದು ಅನುಕೂಲ. ಪರವಾನಿಗೆ ಎಂಬುದು ಇಬ್ಬರ ಬಳಿಯೂ ಇರಲಿಲ್ಲ.

ನಸುಕಿನಲ್ಲಿ ಪಂಜರವನ್ನು ಪೊದೆಯೊಳಗಿಟ್ಟು ಸುತ್ತ ಕುದುರೆ ಬಾಲದ ಕೂದಲಿನ ಉರುಳು ಹಾಸುತ್ತಿದ್ದರು. ಸಾಕಿದ ಹಕ್ಕಿ ಕೂಗಿದರೆ, ನನ್ನ ಸೀಮೆಗೆ ಇವನಾರು ಬಂದವನು ಎಂದು ಕಾಡಿನ ಗಂಡು ಜಗಳಕ್ಕೆ ಓಡಿ ಬರುತ್ತಿತ್ತು, ಹಿಂದೆಯೇ ಹೆಣ್ಣು. ನಮ್ಮ ದಾದಿಯ ಕಿವಿಗೆ ತೀತರ್ ಹಕ್ಕಿಯ ಕೂಗು "ಸುಭಾನ್ ತೇರಿ ಕುದ್ರತ್" ಎಂದೇ ಕೇಳುತ್ತಿತ್ತು. "ಅಲ್ಲಾಹನನ್ನು ಹೊಗಳುವ ಬಾಯಿಂದಲೇ ಅದರ ಬಳಗವನ್ನು ಕೊಲ್ಲಿಸುತ್ತೀಯಲ್ಲೋ" ಎಂದು ಅವರು ಮಗನನ್ನು ಬೈಯುತ್ತಿದ್ದರು. ಬೇಟೆ ಹಲಾಲ್, ಕಲಿಸಿದ ನಾಯಿ ಹಿಡಿದದ್ದೂ ಹಲಾಲ್ ಎಂದು ಅಬ್ಬಾ ವಾದಿಸುತ್ತಿದ್ದರು. ಮಾತು ಸರಿಯೇ. ಆದರೆ ಇಹ್ರಾಮ್ ತೊಟ್ಟವನಿಗೆ ನೆಲದ ಬೇಟೆ ನಿಷಿದ್ಧವೆಂದು, ಅಂದರೆ ಬೇಟೆಗೂ ಒಂದು ಎಲ್ಲೆ ಇದೆಯೆಂದು, ಅದೇ ಧರ್ಮ ಹೇಳಿದ್ದನ್ನು ಅವರು ನೆನೆಯುತ್ತಿರಲಿಲ್ಲ.

ನಮಗೆ ಒಂಬತ್ತೋ ಹತ್ತೋ ವರ್ಷ. ಒಂದು ಬೆಳಿಗ್ಗೆ ಉರುಳಿಗೆ ಹೆಣ್ಣು ಕೌಜುಗ ಸಿಕ್ಕಿತು. ಹತ್ತಿರದ ಮುಳ್ಳುಕಂಟಿಯ ಕೆಳಗೆ ಏಳು ಮೊಟ್ಟೆಗಳಿದ್ದವು. ಮುಟ್ಟಿದರೆ ಬಿಸಿ. ಓಡಿ ಹೋಗಿ ಅಬ್ಬಾನಿಗೆ ಹೇಳಿದೆವು.

ಇಲ್ಲಿಂದ ಮುಂದೆ ನಮ್ಮ ಕಥೆ ಬೇರೆ, ನಡೆದದ್ದು ಬೇರೆ. ಕಥೆಯಲ್ಲಿ ತಂದೆ ಆ ಹೆಣ್ಣನ್ನು ಬಿಟ್ಟು, ಪಂಜರದ ಬಾಗಿಲನ್ನೂ ತೆರೆದು, ಬರಿಗೈಲಿ ಊರಿಗೆ ಮರಳುತ್ತಾನೆ. ಓದಿದವರು ಮೆಚ್ಚಿ ಪತ್ರ ಬರೆದರು. ನಡೆದದ್ದು ಇಷ್ಟು: ಅಬ್ಬಾ ಬಿಸ್ಮಿಲ್ಲಾ ಹೇಳಿ ಹಕ್ಕಿಯನ್ನು ಝಬಹ್ ಮಾಡಿದರು. ಮೊಟ್ಟೆಗಳನ್ನು ಕುದಿಸಿದರು. ಎರಡನ್ನು ನಾವೇ ತಿಂದೆವು. ರುಚಿಯಾಗಿದ್ದವು.

1972ರ ವನ್ಯಜೀವಿ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಪರವಾನಿಗೆ ಪಡೆಯುವ ದಾರಿಯೊಂದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಸುದ್ದಿ ನಮ್ಮ ಓಣಿಗೆ ತಲುಪಿದಾಗ ಅಬ್ಬಾ ಹೆದರಿ ಕೌಜುಗವನ್ನು ಜಮಖಂಡಿಯ ಸಂತೆಯಲ್ಲಿ ಮಾರಿದರು. ಬಿಡಿಸಿದ್ದು ಕರುಣೆಯಲ್ಲ, ಭಯ. ಕಾಕಾ ಮಾತ್ರ ಕುದಿಯುತ್ತಿದ್ದರು. "1857ರಾಗ ಗೋರಾ ಹತಾರ ಕೊಡ್ರಿ ಅಂದಾ, ನಮ್ಮ ಹಿರಿಯಾರು ಕೊಡಲಿಲ್ಲ, ಗಲ್ಲಿಗೆ ಹ್ವಾದ್ರು. ಈಗ ನಮ್ಮ ಸರಕಾರನ ಬ್ಯಾಟಿ ಬಿಡು ಅಂತೈತಿ, ಯಾರ ಮ್ಯಾಲ ಸಿಟ್ಟಾಗೂದು ಸಾಹೇಬ್ರ?" ಅವರ ಸಿಟ್ಟು ಪೂರ್ತಿ ಸುಳ್ಳಲ್ಲ. ಮುಧೋಳದ ಘೋರ್ಪಡೆ ಅರಸರು ಇದೇ ನಾಯಿಗಳನ್ನು ಬೆಳೆಸಿದ್ದು ಇತಿಹಾಸದಲ್ಲಿ ಕೀರ್ತಿ. ಬೇಡನ ಸಾರಿನ ಮೊಲ ಅಪರಾಧ.

ಅಮೆರಿಕದಲ್ಲೂ ಇಪ್ಪತ್ತನೇ ಶತಮಾನದ ಆರಂಭಕ್ಕೆ ಟರ್ಕಿಗಳನ್ನು ಬಹುತೇಕ ತಿಂದು ಮುಗಿಸಿದ್ದರು. ಆಮೇಲೆ ಉಳಿದವನ್ನು ಬಲೆ ಹಾಕಿ ಹಿಡಿದು ಬರಿದಾದ ಕಾಡುಗಳಿಗೆ ಒಯ್ದು ಬಿಟ್ಟರು. 1937ರ ಕಾನೂನಿನಿಂದ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳಿಗೆ ಹೋಗತೊಡಗಿತು. ಈಗ ಅವು ಲಕ್ಷಗಟ್ಟಲೆ ಇವೆ. ವಸಂತದಲ್ಲಿ ಹೊಡೆಯುವುದು ಸಾಮಾನ್ಯವಾಗಿ ಗಂಡನ್ನು ಮಾತ್ರ. ಹೆಣ್ಣು ಮೊಟ್ಟೆಯ ಮೇಲೆ ಕೂತಿರುತ್ತದೆ. ಕೊಲ್ಲುವವನೂ ಲೆಕ್ಕ ಕೊಡಬೇಕು. ನಮ್ಮ ಅಬ್ಬಾ ಯಾರಿಗೂ ಲೆಕ್ಕ ಕೊಡಲಿಲ್ಲ.

ನಮ್ಮ ಸೀಮೆಯೂ ಬದಲಾಗಿದೆ. ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿ ಏರಿತು, ಆಮೇಲೆ ಸೇನೆಗೂ ಹೋಯಿತು. ಮುಧೋಳ, ಬೀಳಗಿ ತಾಲ್ಲೂಕುಗಳ ನಡುವಿನ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಒಮ್ಮೆ ಬೀಳಗಿಯಿಂದ ಬರುತ್ತ ಅದರ ಅಂಚಿನಲ್ಲಿ ಬೈಕ್ ನಿಲ್ಲಿಸಿದ್ದೆವು. ಚಿಂಕಾರ ಕಾಣಲಿಲ್ಲ. ಕಂಟಿಯೊಳಗಿಂದ ಕೌಜುಗ ಕೂಗಿತು. ದಾದಿ ನೆನಪಾದರು. ಅದಕ್ಕಿಂತ ಮೊದಲು ಬಾಯಲ್ಲಿ ನೀರೂರಿತೆಂಬುದನ್ನು ಮುಚ್ಚಿಡಲಾರೆವು.

ಇಷ್ಟನ್ನೂ ಆ ದಿನ ಫೋನಿನಲ್ಲಿ ಹುಡುಗನಿಗೆ ಹೇಳಿದೆವು. ಬಹಳ ಹೊತ್ತು ಅವನು ಸುಮ್ಮನಿದ್ದ. ಕೊನೆಗೆ, "ಮಾಮು, ಆ ಕಥೆಯನ್ನು ನನ್ನ ಮಗಳಿಗೆ ಓದಿ ಹೇಳಿದ್ದೇನೆ. ನಾನಾ ಹಕ್ಕಿಯನ್ನು ಬಿಟ್ಟುಬಿಟ್ಟರಲ್ಲ, ನೀವೂ ಬಿಡುತ್ತೀರಾ ಎಂದು ಕೇಳುತ್ತಾಳೆ. ಏನು ಹೇಳಲಿ?" ಎಂದ.

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಬೇಟೆಗೆ ಹೋಗು ಎನ್ನಲು, ಬೇಡ ಎನ್ನಲು ನಾವು ಯಾರು? ಅಲ್ಲಿನ ಕಾನೂನು ಅವನಿಗೆ ಅನುಮತಿ ಕೊಟ್ಟಿದೆ. ಆದರೆ ಆ ಮಗುವಿಗೆ ಸುಳ್ಳಿನ ಆಸರೆ ಕೊಟ್ಟವರು ನಾವು. ಮಗನೇ, ಅವಳಿಗೆ ಇದನ್ನೂ ಓದಿ ಹೇಳು.