ಅಂಗಳವಿಲ್ಲದ ಮನೆಗೂ ಒಂದು ನಿಂಬೆ ಗಿಡ

"ಸಾರ್, ನಮ್ದು ಬಾಡಿಗೆ ಮನೆ. ನಿಂಬೆ ಗಿಡ ಎಲ್ಲಿ ಹಾಕೋದು?" ಶಾಲೆಯಲ್ಲಿ ಗಿಡದ ಮಾತು ಬಂದಾಗೆಲ್ಲ ಮಕ್ಕಳ ತಂದೆತಾಯಿಯರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು ಹವೆಯದು. ಸೇಲಂ ಬಿಸಿಲಿಗೆ ಒಣಗುತ್ತೆ, ಏರ್ಕಾಡು ಚಳಿಗೆ ಕಾಯಿ ಬಿಡಲ್ಲ ಅಂತ. ಎರಡಕ್ಕೂ ನಮ್ಮ ಉತ್ತರ ಒಂದೇ: ಕುಂಡದಲ್ಲಿ ಬೆಳೆಸಿ.

ನಮ್ಮ ಕಡೆ ಹವೆ ಎಷ್ಟು ಬಗೆ ನೋಡಿ. ಸೇಲಂ ಸಮುದ್ರಮಟ್ಟದಿಂದ ಸುಮಾರು 280 ಮೀಟರ್, ಹೊಸೂರು ಸುಮಾರು 900, ಏರ್ಕಾಡು ಸುಮಾರು 1500. ಧರ್ಮಪುರಿ ಸೇಲಂಗೂ ಹೊಸೂರಿಗೂ ನಡುವೆ. 1965ರಲ್ಲಿ ಧರ್ಮಪುರಿ ಬೇರೆಯಾಗುವ ತನಕ ಇವೆಲ್ಲ ಒಂದೇ ಸೇಲಂ ಜಿಲ್ಲೆ. 2004ರಲ್ಲಿ ಹೊಸೂರು ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ಗಡಿ ಬದಲಾದರೂ ಬಿಸಿಲು ಬದಲಾಗಲಿಲ್ಲ, ಅಲ್ವೇ? ಹವೆ ನಮ್ಮ ಮಾತು ಕೇಳುವುದಿಲ್ಲ, ಆದರೆ ಕುಂಡವನ್ನು ಎಲ್ಲಿಡಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಕಿತ್ತಳೆ, ನಿಂಬೆ ಜಾತಿಯ ಮರಗಳನ್ನು ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ, ಚಳಿಗಾಲ ಬಂದರೆ ಕಟ್ಟಡದ ಒಳಗೆ ಇಡುತ್ತಾರೆ. 1680ರ ದಶಕದಲ್ಲಿ ಅದಕ್ಕೆಂದೇ ದೊಡ್ಡ ಕಟ್ಟಡ ಕಟ್ಟಿಸಿದರು. ನಮಗೆ ಅಷ್ಟೆಲ್ಲ ಬೇಡ, ಎರಡು ಇಟ್ಟಿಗೆ ಸಾಕು.

ಇಟ್ಟಿಗೆ ಯಾಕೆ ಅಂದರೆ, ಟೆರೇಸಿನ ಕಾಂಕ್ರೀಟು ಮಧ್ಯಾಹ್ನ ಕಾದು ಬೇರು ಬೇಯುತ್ತದೆ. ಇಟ್ಟಿಗೆಯ ಮೇಲೆ ಕುಂಡ ಇಟ್ಟರೆ ಕೆಳಗೆ ಗಾಳಿ ಆಡುತ್ತದೆ. ಸೇಲಂ, ಧರ್ಮಪುರಿಯ ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ಇಡಿ. ಏರ್ಕಾಡಿನಲ್ಲಾದರೆ ದಿನವಿಡೀ ಬಿಸಿಲು ಬೀಳುವ ಗೋಡೆಯ ಪಕ್ಕ ಇಡಿ.

ಕುಂಡ ಒಂದೂವರೆ ಅಡಿ ಅಗಲ ಇರಲಿ. ಒಡೆದ ಬಕೆಟ್, ಹಳೆ ಡ್ರಮ್ ಏನಾದರೂ ನಡೆಯುತ್ತೆ, ತಳಕ್ಕೆ ತೂತು ಮಾತ್ರ ಬೇಕೇಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬೀಜ ಹಾಕುವುದಾದರೆ ಹಣ್ಣು ಹಿಂಡಿದ ದಿನವೇ ಹಾಕಿ, ಒಣಗಿದರೆ ಹುಟ್ಟುವುದಿಲ್ಲ. ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಆಶ್ಚರ್ಯಪಡಬೇಡಿ, ನಿಂಬೆಯ ಗುಣವೇ ಅದು. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಹಾಗೇ ಬರುತ್ತವೆ. ಆದರೆ ಕಾಯಿಗೆ ನಾಲ್ಕೈದು ವರ್ಷ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು ನರ್ಸರಿಯಿಂದ ಗೂಟಿ ಗಿಡ ತನ್ನಿ, ಎರಡು ಮೂರು ವರ್ಷಕ್ಕೆ ಕಾಯಿ ಕಾಣಬಹುದು.

ಇನ್ನು ನೀರು. ನಮ್ಮ ಕಡೆಯ ಕಷ್ಟ ಇರುವುದೇ ಇಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಾ ಹೋದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ನರ ಹಸಿರಾಗಿದ್ದು ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿ. ಅಕ್ಕಿ, ತರಕಾರಿ ತೊಳೆದ ನೀರೂ ಆಗುತ್ತದೆ, ಸೋಪಿನ ನೀರು ಬೇಡ. ದಿನಾ ಚೂರು ಚೂರು ಚಿಮುಕಿಸಬೇಡಿ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ, ತಳದಿಂದ ಹರಿದು ಬರುವಷ್ಟು ಹಾಕಿ.

ನೀರಿನ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. ಧರ್ಮಪುರಿಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲಿನ ಕಂದು ಕಲೆ ನಾವೆಲ್ಲ ನೋಡಿದ್ದೇವೆ. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಶುರುವಾದದ್ದು. ಬೋರ್ ನೀರಿಗೆ ನಿಂಬೆರಸ ಹಿಂಡಿದರೆ ಫ್ಲೋರೈಡ್ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹೋಗುವುದಿಲ್ಲ. ಕುಡಿಯಲು ಕಾವೇರಿ ನೀರನ್ನೇ ಹಿಡಿಯಿರಿ. ನಿಂಬೆ ಪಾನಕವನ್ನೂ ಅದರಲ್ಲೇ ಮಾಡಿ.

ನಮ್ಮ ತರಗತಿಯ ಬಾಗಿಲ ಬಳಿ ಇರುವ ಗಿಡದಲ್ಲಿ ಒಂದು ದಿನ ಹಕ್ಕಿಯ ಹಿಕ್ಕೆಯಂಥದ್ದು ಎಲೆಗೆ ಅಂಟಿತ್ತು. ಅದು ನಿಂಬೆ ಚಿಟ್ಟೆಯ ಮರಿಹುಳು. ದೊಡ್ಡದಾದರೆ ಹಸಿರಾಗುತ್ತದೆ, ಎಳೆ ಚಿಗುರನ್ನು ಬೋಳಿಸುತ್ತದೆ. ಔಷಧಿ ಬೇಕಿಲ್ಲ, ಕೈಯಿಂದ ತೆಗೆದರಾಯಿತು. ಮಕ್ಕಳು ಒಂದನ್ನು ಡಬ್ಬಿಯಲ್ಲಿಟ್ಟು ಎಲೆ ಹಾಕಿ ಸಾಕಿದರು. ಚಿಟ್ಟೆಯಾಗಿ ಹಾರಿದ ದಿನ ಆ ಪಾಠ ನಾವು ಮಾಡಬೇಕಾಗಲೇ ಇಲ್ಲ.

ಇನ್ನೊಂದು ಲಾಭವೂ ಆಯಿತು. ಒಬ್ಬಳ ಮನೆಯಲ್ಲಿ ಇದು ಎಲುಮಿಚ್ಚೈ, ಇನ್ನೊಬ್ಬನ ಮನೆಯಲ್ಲಿ ನಿಮ್ಮಕಾಯ, ಶಾಲೆಯಲ್ಲಿ ನಿಂಬೆ. ಮೊಗ್ಗು, ಹೂವು ಅವರಿಗೆ ಗೊತ್ತಿತ್ತು. 'ಹೀಚು' ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳದ ಮಾತು, ಪುಸ್ತಕದಲ್ಲಿದ್ದರೆ ಪರೀಕ್ಷೆ ಮುಗಿದ ಮೇಲೆ ಮರೆತೇಹೋಗುತ್ತಿತ್ತು. ಈಗ ಬೆಳಿಗ್ಗೆ ಬಂದವರೇ ಹೀಚು ಎಣಿಸುತ್ತಾರೆ. ಉದುರಿದರೆ ಜಗಳ!

ಕನ್ನಡ ಶಾಲೆಯ ಬಂಧುಗಳೇ, ಕೂಲಿಗಾಗಿ ಊರು ಬದಲಿಸುವ ಮನೆಗಳು ನಮ್ಮಲ್ಲಿ ಬಹಳ. ನೆಲದಲ್ಲಿ ನೆಟ್ಟದ್ದು ಅಲ್ಲೇ ಉಳಿಯುತ್ತದೆ, ಕುಂಡದ ಗಿಡ ಲಗೇಜ್ ಆಟೋದಲ್ಲಿ ಜೊತೆಗೇ ಬರುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಪ್ರತಿ ಮಗುವಿನ ಕೈಗೆ ನಾಲ್ಕು ಹಸಿ ಬೀಜ ಕೊಟ್ಟು ನೋಡಿ. ಐದನೇ ತರಗತಿ ಮುಗಿಸಿ ಹೋಗುವ ಹೊತ್ತಿಗೆ ಅದು ಹೂ ಬಿಡುವ ಗಿಡವಾಗಿರುತ್ತದೆ.