ಕೂಸಿನ ಮಾತು ತಡವಾದಾಗ

ಸೇಡಂ ತಾಲ್ಲೂಕಿನ ಮಳಖೇಡವು ಕನ್ನಡಿಗರೆಲ್ಲರ ಹೆಮ್ಮೆಯ ಊರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಅಲ್ಲಿ, 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚಿತವಾಯಿತು. ಇಂಥ ನುಡಿನೆಲದಲ್ಲಿ ಹುಟ್ಟಿದ ನಮ್ಮ ಮೊಮ್ಮಗನಿಗೆ ಎರಡು ವರ್ಷ ತುಂಬಿದರೂ ‘ಅವ್ವ’ ಎಂಬುದರ ಹೊರತು ಮತ್ತೊಂದು ಮಾತು ಹೊರಡಲಿಲ್ಲ.

ಅವನ ತಂದೆ-ತಾಯಿ ವಾಡಿಯಲ್ಲಿದ್ದಾರೆ. ಸಿಮೆಂಟ್ ಕಾರ್ಖಾನೆ, ರೈಲ್ವೆ ಜಂಕ್ಷನ್ನುಗಳ ಆ ಊರಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. “ಇಷ್ಟೆಲ್ಲಾ ಭಾಷಾ ಕೇಳಿ ಕೂಸಿಗಿ ಗೊಂದಲಾಗ್ಯದ” ಎಂದರು ನೆರೆಯವರು. “ಇವರಪ್ಪನೂ ತಡಾ ಮಾಡೇ ಮಾತಾಡ್ಯಾನ” ಎಂದವರು ನಾವೇ. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು, ಹರಕೆ ಹೊತ್ತೆವು. ಹೀಗೆ ಎಂಟು ತಿಂಗಳು ಕಳೆದವು.

ನಮ್ಮ ಕಣ್ಣು ತೆರೆಸಿದವರು ಅಂಗನವಾಡಿಯ ತಾಯಿ. ತೂಕ ಮಾಡಿಸಲು ಹೋದಾಗ, “ಹಿಂದಿನಿಂದ ಕರೆದರೆ ಇವನು ತಿರುಗುವುದಿಲ್ಲ, ಮೊದಲು ಕಿವಿ ತೋರಿಸಿರಿ” ಎಂದರು. ಕಲಬುರಗಿಯಲ್ಲಿ ಶ್ರವಣ ಪರೀಕ್ಷೆಯಾಯಿತು. ಪದೇ ಪದೇ ಬಂದ ನೆಗಡಿಯಿಂದ ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ನಿಂತು, ನಮ್ಮ ಮಾತು ಅವನಿಗೆ ಮಂದವಾಗಿ ಕೇಳುತ್ತಿತ್ತು. ಸರಿಯಾಗಿ ಕೇಳದ ಮಾತನ್ನು ಕೂಸು ಆಡುವುದಾದರೂ ಹೇಗೆ? ತೊಂದರೆ ಕಿವಿಯಲ್ಲಿತ್ತು, ನಾವು ನಾಲಿಗೆಗೆ ಮದ್ದು ಹಚ್ಚುತ್ತಿದ್ದೆವು.

ಅಂದು ತಿಳಿದುಕೊಂಡ ಗುರುತುಗಳನ್ನು ಓದುಗ ಬಂಧುಗಳ ಮುಂದಿಡುತ್ತೇವೆ. ಆರು ತಿಂಗಳ ಕೂಸು ಸಪ್ಪಳದತ್ತ ತಿರುಗದಿದ್ದರೆ, ಒಂದು ವರ್ಷಕ್ಕೆ ಹೆಸರಿಗೆ ಓಗೊಡದೆ, ಕೈಸನ್ನೆಯನ್ನೂ ಮಾಡದಿದ್ದರೆ, ಒಂದೂವರೆ ವರ್ಷಕ್ಕೆ ಕೆಲವಾದರೂ ಬಿಡಿಮಾತು ಬಾರದಿದ್ದರೆ, ಎರಡು ವರ್ಷಕ್ಕೆ ‘ಹಾಲು ಬೇಕು’ ಎಂಬಂತೆ ಎರಡು ಪದ ಜೋಡಿಸದಿದ್ದರೆ, ಮೂರು ವರ್ಷಕ್ಕೆ ಅದರ ಬಹುಪಾಲು ಮಾತು ಹೊರಗಿನವರಿಗೆ ತಿಳಿಯದಿದ್ದರೆ ತಜ್ಞರಿಗೆ ತೋರಿಸಬೇಕು. ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಒಂದು ದಿನವೂ ತಡಮಾಡಬಾರದು. ಮೂರು ವರ್ಷದ ಕೂಸಿಗೆ ‘ರ’, ‘ಳ’ ಹೊರಳದಿದ್ದರೆ ಅಂಜಬೇಕಿಲ್ಲ. ಉಗ್ಗುವಿಕೆ ಆರು ತಿಂಗಳು ಮೀರಿದರೆ ಮಾತ್ರ ಕಡೆಗಣಿಸಬಾರದು.

ಹಲವು ಭಾಷೆಗಳನ್ನು ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ. ‘ನೀರು’ ಎಂದರೂ ‘ಪಾನಿ’ ಎಂದರೂ ಅದು ಮಾತೇ. ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸಬೇಕು. ಆದ್ದರಿಂದ ಮನೆಮಾತನ್ನು ಬಿಡಿಸುವ ಕಾರಣವಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಭೇಟಿ ನೀಡಬೇಕೆಂಬುದು ಅದರ ನಿಯಮ. ಚಿಂಚೋಳಿ, ಚಿತ್ತಾಪುರ, ಶಹಾಬಾದದ ತಾಯಂದಿರು ಆ ದಿನವನ್ನು ಕೇಳಿ ತಿಳಿದಿಟ್ಟುಕೊಳ್ಳಬೇಕು. ಹೆಚ್ಚಿನ ಪರೀಕ್ಷೆಗೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕಿವಿಯ ಚಿಕಿತ್ಸೆಯ ನಂತರ ನಮ್ಮ ಸೊಸೆ ವಾರಕ್ಕೊಮ್ಮೆ ಕೂಸನ್ನೆತ್ತಿಕೊಂಡು ಕಲಬುರಗಿಗೆ ಓಡಾಡಿದಳು. ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ನಡೆಸಿದೆವು. ಮೊಬೈಲನ್ನು ಬದಿಗಿಟ್ಟು, ಮುಖಕ್ಕೆ ಮುಖ ಕೊಟ್ಟು ಮಾತನಾಡಿದೆವು. ರೊಟ್ಟಿ ಬಡಿಯುವಾಗ ಹಿಟ್ಟು, ನೀರು, ಹಂಚು ಎಂದು ಹೆಸರಿಸಿ, ಅವನ ಉತ್ತರಕ್ಕಾಗಿ ಕಾದೆವು. ಈಗ ನಾಲ್ಕು ವರ್ಷದ ಅವನು “ಮುತ್ಯಾ, ಬಾ” ಎಂದು ಕರೆಯುತ್ತಾನೆ. ಕೆಲವು ಮಾತು ಇನ್ನೂ ಅಸ್ಪಷ್ಟ, ಕಲಿಕೆ ನಡೆದಿದೆ.

ಕಳೆದ ಎಂಟು ತಿಂಗಳು ಮರಳಿ ಬಾರವು. ತೋರಿಸಿದ ಮೇಲೆ ಏನೂ ಇಲ್ಲವೆಂದು ತಿಳಿದರೆ ಹೋಗುವುದು ಬಸ್ಸಿನ ಚಾರ್ಜು ಮಾತ್ರ. ಸುಮ್ಮನೆ ಕಾದರೆ ಹೋಗುವುದು ಕೂಸಿನ ಕಲಿಯುವ ಕಾಲ. ಹಿರಿಯರಾದ ನಾವು “ತಾನೇ ಬರ್ತದ, ಬಿಡು” ಎನ್ನುವ ಮೊದಲು ಒಮ್ಮೆ ಕಿವಿ ತೋರಿಸಿಕೊಂಡು ಬರೋಣ.